ಮನೆಯಲ್ಲೇ ಓದಿದ ಮಕ್ಕಳಿಗೂ ಒಂದು ಬೀಳ್ಕೊಡುಗೆ

ಹತ್ತನೇ ತರಗತಿಯವರ ಬೀಳ್ಕೊಡುಗೆ ಎಂದರೆ ಶಾಲೆಗೆ ಶಾಲೆಯೇ ಸಡಗರ. ಹುಳಿಯಾರಿರಲಿ, ತಿಪಟೂರಿರಲಿ, ತುರುವೇಕೆರೆಯಿರಲಿ, ಪರೀಕ್ಷೆಗೆ ಕೆಲವು ವಾರ ಮುಂಚೆ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ಹೆಣ್ಣುಮಕ್ಕಳು ಅಮ್ಮನದೋ ಅಕ್ಕನದೋ ಸೀರೆ ಉಟ್ಟು ಬರುತ್ತಾರೆ. ಒಂಬತ್ತನೇ ತರಗತಿಯವರು ತಲಾ ಇಷ್ಟೆಂದು ಹಾಕಿಕೊಂಡು ಸಿಹಿ ತರಿಸುತ್ತಾರೆ. ಮೇಷ್ಟ್ರುಗಳು ನಾಲ್ಕು ಬುದ್ಧಿಮಾತು ಹೇಳುತ್ತಾರೆ, ಮಾತಾಡಲು ಎದ್ದ ಹುಡುಗ ನಡುವೆಯೇ ಗಂಟಲು ಕಟ್ಟಿ ಕೂತುಬಿಡುತ್ತಾನೆ, ಕೊನೆಗೆ ಗ್ರೂಪ್ ಫೋಟೊ. ಮುಂದೆ ಆ ಮಕ್ಕಳಿಗೇ ಮಕ್ಕಳಾದ ಮೇಲೂ ಆ ಫೋಟೊ ಗೋಡೆ ಬಿಟ್ಟು ಇಳಿಯುವುದಿಲ್ಲ.

ಶಾಲೆಗೆ ಹೋಗದೆ ಮನೆಯಲ್ಲೇ ಓದಿದ ಮಗುವಿನ ಪಾಲಿಗೆ ಈ ದಿನ ತಾನಾಗಿ ಬರುವುದಿಲ್ಲ. ಅಂಥ ಮಕ್ಕಳು ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ; ಇರುವವರಲ್ಲೂ ಬೆಂಗಳೂರು, ಮೈಸೂರಿನ ಕಡೆಯವರ ಮಾತೇ ನಮಗೆ ಕೇಳಿಬರುವುದು. ಆದರೆ ಪಟ್ಟಣ ಬಿಟ್ಟು ತೋಟ ಹಿಡಿದು ಕೂತವರು ಈಗ ಎಲ್ಲ ಸೀಮೆಯಲ್ಲೂ ಸಿಗುತ್ತಾರೆ, ಅವರಲ್ಲಿ ಕೆಲವರು ಮಕ್ಕಳನ್ನು ತಾವೇ ಓದಿಸುತ್ತಾರೆ. ಬೋರನಕಣಿವೆ ಜಲಾಶಯದ ಆಸುಪಾಸಿನ ತೋಟದ ಮನೆಯಲ್ಲಿ ಹಾಗೆ ಓದುತ್ತಿರುವ ಹದಿನೈದರ ಹುಡುಗಿಯೋ ಹದಿನೇಳರ ಹುಡುಗನೋ ಇದ್ದರೆ, ಅವರ ಕೊನೆಯ ವರ್ಷವನ್ನು ಹೇಗೆ ಕಟ್ಟಬೇಕು ಎಂಬುದು ಈ ವಾರದ ವಿಷಯ. ಮಗುವನ್ನು ಶಾಲೆಗೆ ಕಳಿಸಬೇಕೋ ಬೇಡವೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆ ತೀರ್ಮಾನ ಆಗಿಹೋದ ಮನೆಗಳಿಗೆ ಬೇಕಾದ್ದು ಬೇರೆ. ಶಾಲೆ ಕೇಳದೆಯೇ ಕೊಡುವ ಮೂರು ಸೌಲಭ್ಯ ಅವರ ಮಕ್ಕಳಿಗೆ ಸಿಗುವುದಿಲ್ಲ: ಪರೀಕ್ಷೆಗೆ ಕಟ್ಟಿಸುವವರು, ಕಾಗದಪತ್ರ ಮಾಡಿಕೊಡುವವರು, ನಾಲ್ಕು ಜನರ ಮುಂದೆ ನಿಲ್ಲಿಸಿ ‘ಈ ಮಗು ಇಷ್ಟು ಕಲಿತಿದೆ’ ಎನ್ನುವವರು. ಮೊದಲೆರಡನ್ನು ಎಲ್ಲರೂ ತಡವಾಗಿಯಾದರೂ ನೆನೆಸಿಕೊಳ್ಳುತ್ತಾರೆ. ಮೂರನೆಯದನ್ನು ಮರೆತೇಬಿಡುತ್ತಾರೆ. ನನ್ನ ಮಟ್ಟಿಗೆ ಅದೂ ಉಳಿದೆರಡರಷ್ಟೇ ಮುಖ್ಯ.

ನಾಲ್ಕು ಜನರ ಮುಂದೆ ಒಪ್ಪಿಸುವುದು ನಮಗೆ ಹೊಸದಲ್ಲ. ಸರ್ಕಾರಿ ಶಾಲೆಗಳು ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಕೂಲಿಮಠಗಳಿದ್ದವು. ಅಯ್ಯನವರು ಯಾರ ಮನೆಯ ಜಗಲಿಯ ಮೇಲೋ ಗುಡಿಯ ಅಂಗಳದಲ್ಲೋ ಮಕ್ಕಳನ್ನು ಕೂರಿಸಿ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು. ಮಾರ್ನಮಿ ಬಂದಾಗ ಅದೇ ಮಕ್ಕಳನ್ನು ಕರೆದುಕೊಂಡು ಮನೆ ಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಮನೆಯವರು ದುಡ್ಡೋ ದವಸವೋ ಕೊಡುತ್ತಿದ್ದರು, ಅದೇ ಅಯ್ಯನವರ ಸಂಭಾವನೆ. ಮಗುವಿನ ನಾಲಗೆ ತಿರುಗಿದೆಯೋ ಇಲ್ಲವೋ ಎಂದು ಊರಿನ ಪ್ರತಿ ಹೊಸ್ತಿಲೂ ನೋಡುತ್ತಿತ್ತು. ಅಂಕಪಟ್ಟಿ ಇರಲಿಲ್ಲ, ಆದರೆ ಊರೆಲ್ಲ ಸಾಕ್ಷಿಯಾಗಿತ್ತು.

ಇನ್ನೂ ಹತ್ತಿರದ ನಿದರ್ಶನ ಶಿವರಾಮ ಕಾರಂತರದು. ಪುತ್ತೂರಿನ ಬಾಲವನದಲ್ಲಿ ಅವರು ತಮ್ಮ ಮಕ್ಕಳನ್ನು ಬಾಲ್ಯದ ಹಲವು ವರ್ಷ ಶಾಲೆಗೆ ಕಳಿಸದೆ ಮನೆಯಲ್ಲೇ ಬೆಳೆಸಿದರು. ಆ ಮಕ್ಕಳಲ್ಲಿ ಉಲ್ಲಾಸ ಕಾರಂತರು ಮುಂದೆ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ಹುಲಿಗಳ ಅಧ್ಯಯನಕ್ಕೆ ತಿರುಗಿ ಜಗತ್ತೇ ಗುರುತಿಸುವ ವಿಜ್ಞಾನಿಯಾದರು. ಮಗಳು ಮಾಳವಿಕಾ ಕಪೂರರು ನಿಮ್ಹಾನ್ಸ್‌ನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕಿಯಾದರು. ಸೋದರಿ ಕ್ಷಮಾ ರಾವ್ ಅವರೊಡನೆ ಸೇರಿ ಇವರಿಬ್ಬರೂ 2021ರಲ್ಲಿ ಇಂಗ್ಲಿಷಿನಲ್ಲಿ ತಂದೆಯ ಬಗ್ಗೆ ಒಂದು ಪುಸ್ತಕವನ್ನೂ ತಂದರು. ಮನೆಯಲ್ಲಿ ಕಲಿತ ಮಕ್ಕಳೂ ದೊಡ್ಡವರಾದರು ಎಂದು ತೋರಿಸಲು ಈ ಹೆಸರುಗಳನ್ನು ಬಳಸುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು: ಕಾರಂತರಂಥ ಕಾರಂತರ ಮಕ್ಕಳೂ ಒಂದು ಹಂತದಲ್ಲಿ ಶಾಲೆ, ಕಾಲೇಜಿನ ಬಾಗಿಲು ತಟ್ಟಿ ಒಳಗೆ ಹೋಗಬೇಕಾಯಿತು. ಮನೆಯಿಂದ ಆ ಬಾಗಿಲಿಗೆ ಹೋಗುವ ದಾರಿಯನ್ನು ತಂದೆತಾಯಿ ಮೊದಲೇ ನೋಡಿಟ್ಟುಕೊಳ್ಳಬೇಕು.

ಕಾನೂನಿನ ಮಾತು ಮೊದಲು ಮುಗಿಸೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದು ಹೇಳುತ್ತದೆ. ಹೋಮ್‌ಸ್ಕೂಲಿಂಗ್ ಎಂಬುದರ ಪ್ರಸ್ತಾಪವನ್ನೇ ಮಾಡುವುದಿಲ್ಲ, ಸೇರಿಸದ ಪಾಲಕರಿಗೆ ದಂಡವನ್ನೂ ವಿಧಿಸುವುದಿಲ್ಲ. ಹದಿನಾಲ್ಕು ದಾಟಿದ ಮಗು ಆ ಕಾಯ್ದೆಯ ವ್ಯಾಪ್ತಿಯಿಂದ ಆಚೆಗೆ ಬರುತ್ತದೆ. ಅಂದರೆ ಕೊನೆಯ ವರ್ಷದ ಮಗುವಿಗೆ ಮನೆಯಲ್ಲಿ ಓದಲು ಕಾನೂನಿನ ತೊಡಕಿಲ್ಲ. ತೊಡಕಿರುವುದು ಪರೀಕ್ಷೆಯ ಕಡೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹೋಮ್‌ಸ್ಕೂಲ್ ಮಾಡುವ ತಂದೆತಾಯಿಯೇ ಪ್ರಮಾಣಪತ್ರಕ್ಕೆ ಸಹಿ ಹಾಕಿ ಮಗನ ಕೈಗೆ ಕೊಡಬಹುದು. ನಾಲ್ಕಾರು ಕುಟುಂಬ ಸೇರಿ ಒಂದು ಹಾಲ್ ಹಿಡಿದು, ನಿಲುವಂಗಿ ಟೋಪಿ ತೊಡಿಸಿ ಪದವಿ ಸಮಾರಂಭವನ್ನೂ ಮಾಡುತ್ತಾರೆ. ಅಲ್ಲಿರುವ ನೆಂಟರು ಕಳಿಸಿದ ಫೋಟೊ ನೋಡಿ ಇಲ್ಲಿಯವರು ಅದನ್ನೇ ಮಾಡಹೊರಟರೆ ಸಮಾರಂಭವಾಗುತ್ತದೆ, ಪ್ರಮಾಣಪತ್ರವಾಗುವುದಿಲ್ಲ. ನಮ್ಮಲ್ಲಿ ಅಪ್ಪನ ಸಹಿಗೆ ಕಾಲೇಜಿನಲ್ಲಿ ಬೆಲೆಯಿಲ್ಲ, ಬೋರ್ಡಿನ ಅಂಕಪಟ್ಟಿಯೇ ಬೇಕು.

ಬೋರ್ಡಿಗೆ ಎರಡು ದಾರಿ. ಒಂದು, ಎಲ್ಲರ ಬಾಯಲ್ಲಿ ಎನ್‌ಐಒಎಸ್ ಆಗಿರುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಬೋರ್ಡ್ ಇದು. ಹತ್ತನೆಯದಕ್ಕೆ ಹದಿನಾಲ್ಕು, ಹನ್ನೆರಡನೆಯದಕ್ಕೆ ಹದಿನೈದು ವರ್ಷ ತುಂಬಿರಬೇಕು. ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆಯಿರಬೇಕು. ಹತ್ತನೆಯದಕ್ಕೆ ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಏಪ್ರಿಲ್-ಮೇ ಒಂದು ಪರೀಕ್ಷೆ, ಅಕ್ಟೋಬರ್-ನವೆಂಬರ್ ಇನ್ನೊಂದು. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಸಿಂಧು, ಒಂಬತ್ತು ಸಲ ಬರೆಯುವ ಅವಕಾಶ. ಇಷ್ಟು ಸಡಿಲ ಇರುವುದರಿಂದಲೇ ಮನೆಯಲ್ಲಿ ಓದುವವರಲ್ಲಿ ಅನೇಕರು ಇದನ್ನೇ ಹಿಡಿಯುತ್ತಾರೆ. ಈ ಸಡಿಲವೇ ಕೆಲವರನ್ನು ಕೆಡಿಸುವುದೂ ಉಂಟು. ಬರೆದು ಒಪ್ಪಿಸಬೇಕಾದ ಅಸೈನ್‌ಮೆಂಟಿಗೆ ಶೇ 20 ಅಂಕ ಇದೆ, ಅದನ್ನು ಕೊನೆಗೆ ತಳ್ಳಿ ಕಳೆದುಕೊಳ್ಳಬೇಡಿ. ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯಿರುತ್ತದೆ; ಅಧ್ಯಯನ ಕೇಂದ್ರ ದೂರದ ಊರಿನದಾದರೆ ಹೋಗಿ ಉಳಿಯುವ ಏರ್ಪಾಡನ್ನು ಮುಂಚೆಯೇ ಮಾಡಿಕೊಳ್ಳಬೇಕು.

ಇನ್ನೊಂದು ದಾರಿ ನಮ್ಮದೇ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವುದು. ಹದಿನೈದು ತುಂಬಿರಬೇಕು. ಬೇರೆ ಭಾಷೆಗಳ ಪೇಪರು ಬಿಟ್ಟು ಎಲ್ಲ ವಿಷಯವನ್ನೂ ಕನ್ನಡದಲ್ಲೇ ಬರೆಯಬಹುದು ಎನ್ನುವುದು ಇದರ ದೊಡ್ಡ ಲಾಭ. ಪರೀಕ್ಷಾ ಕೇಂದ್ರ ದೂರವಿರುವುದಿಲ್ಲ, ಪಠ್ಯಪುಸ್ತಕ ಸುಲಭವಾಗಿ ಸಿಗುತ್ತದೆ, ಪಕ್ಕದ ಮನೆಯ ಹುಡುಗಿಯೂ ಅದೇ ಪಾಠ ಓದುತ್ತಿರುತ್ತಾಳೆ. ಮನೆಯಲ್ಲಿ ಕನ್ನಡದಲ್ಲೇ ಕಲಿತ ಮಗುವಿಗೆ ನಾನು ಇದನ್ನೇ ಹೇಳುತ್ತೇನೆ. ಪಿಯುಸಿಗೆ ಬಂದಾಗ ಲೆಕ್ಕ ಬದಲಾಗುತ್ತದೆ: ಖಾಸಗಿಯಾಗಿ ಕಟ್ಟುವವರಿಗೆ ಕಲಾ ಮತ್ತು ವಾಣಿಜ್ಯ ವಿಭಾಗ ಮಾತ್ರ, ವಿಜ್ಞಾನಕ್ಕೆ ಕಾಲೇಜು ಸೇರಲೇಬೇಕು, ಇಲ್ಲವೇ ಎನ್‌ಐಒಎಸ್.

ಇಲ್ಲಿಂದ ಮುಂದೆ ಹೇಳುವುದನ್ನು ತಂದೆತಾಯಿಗಳು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಕೊಡುವ ಸೀಟಿಗೆ ಬರೀ ರ‍್ಯಾಂಕ್ ಸಾಲದು. ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು ಎಂಬುದು ಅರ್ಹತೆಯ ಮೊದಲ ಷರತ್ತು. ಎಂಜಿನಿಯರಿಂಗ್ ಆಗಲಿ, ಬಿಎಸ್ಸಿ ಕೃಷಿಯಾಗಲಿ, ಈ ಷರತ್ತು ಬಿಡುವುದಿಲ್ಲ. ಹುಟ್ಟಿದಾಗಿನಿಂದ ಚಿಕ್ಕನಾಯಕನಹಳ್ಳಿ ತಾಲ್ಲೂಕು ಬಿಟ್ಟು ಹೋಗದ, ಆದರೆ ಮನೆಯಲ್ಲೇ ಓದಿದ ಮಗು ಆ ಷರತ್ತಿನ ಎದುರು ಹೊರರಾಜ್ಯದವರಂತೆ ನಿಲ್ಲಬೇಕಾಗುತ್ತದೆ. ಇದಕ್ಕೊಂದು ಪರ್ಯಾಯ ಷರತ್ತಿದೆ: ಪಿಯುಸಿಯ ಎರಡೂ ವರ್ಷ ಕರ್ನಾಟಕದ ಕಾಲೇಜಿನಲ್ಲಿ ಓದಿ ಪಾಸಾಗಿದ್ದು, ತಂದೆಯೋ ತಾಯಿಯೋ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಸಾಕು. ಹಾಗಾಗಿ ಸಿಇಟಿಯ ಆಸೆಯಿರುವ ಮಗು ಹತ್ತನೆಯದನ್ನು ಮನೆಯಿಂದ ಮುಗಿಸಿ ಪಿಯುಸಿಗೆ ಹುಳಿಯಾರಿನದೋ ತಿಪಟೂರಿನದೋ ಕಾಲೇಜು ಸೇರುವುದೇ ಜಾಣತನ. ಅಪ್ಪ ಅಮ್ಮ ತಾವು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದಿಟ್ಟುಕೊಳ್ಳಬೇಕು. ನಿಯಮಗಳ ಕೈಪಿಡಿ ಪ್ರತಿ ವರ್ಷ ಬರುತ್ತದೆ, ಆ ವರ್ಷದ್ದನ್ನೇ ತೆಗೆದು ಓದಿಕೊಳ್ಳಿ.

ಮೀಸಲಾತಿಯದು ಇನ್ನೂ ಕಷ್ಟದ ಮಾತು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲು. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತು ವರ್ಷ ಓದಿದ ಬಗ್ಗೆ ಶಾಲೆ ಬರೆದುಕೊಟ್ಟು, ಬಿಇಒ ಮೇಲುರುಜು ಹಾಕಿದ ಪ್ರಮಾಣಪತ್ರ ಬೇಕು. ಮನೆಯಲ್ಲಿ ಓದಿದ ಮಗುವಿಗೆ ಅದು ಸಿಗುವ ದಾರಿಯಿಲ್ಲ. ತೋಟದಲ್ಲೇ ಹುಟ್ಟಿ, ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಪಾಠವನ್ನೇ ಕೇಳದ ಮಗು ದಾಖಲೆಯ ಪ್ರಕಾರ ಗ್ರಾಮೀಣವೂ ಅಲ್ಲ, ಕನ್ನಡ ಮಾಧ್ಯಮದ್ದೂ ಅಲ್ಲ. ಇದು ನನಗೆ ಬಹಳ ನೋವಿನ ಸಂಗತಿ. ಆದರೆ ಸೀಟು ಹಂಚುವ ಹೊತ್ತಿನಲ್ಲಿ ಅದನ್ನು ಕಂಡುಕೊಂಡು ಎದೆ ಒಡೆದುಕೊಳ್ಳುವುದಕ್ಕಿಂತ, ಮಗು ಐದು ಆರನೇ ತರಗತಿಯ ವಯಸ್ಸಿನಲ್ಲಿರುವಾಗಲೇ ತಿಳಿದಿರುವುದು ಮೇಲು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ಸೇರುವ ಅವಕಾಶವಿದೆ. ನಡುವೆ ಶಾಲೆಗೆ ಸೇರಿಸಬೇಕೆನಿಸಿದರೆ ಆ ಬಾಗಿಲು ತೆರೆದೇ ಇದೆ.

ಉಳಿದ ಕಾಗದಪತ್ರ ಒಂದು ವಾರದ ಓಡಾಟ. ಜನನ ಪ್ರಮಾಣಪತ್ರ, ಆಧಾರ್, ಅಪ್ಪನ ದಾಖಲೆಗಳಲ್ಲಿ ಹೆಸರೂ ಇನಿಷಿಯಲ್ಲೂ ಒಂದೇ ರೀತಿ ಇವೆಯೇ ನೋಡಿ. ನಮ್ಮ ಕಡೆ ತಕರಾರು ಬರುವುದೆಲ್ಲ ಈ ಇನಿಷಿಯಲ್ಲಿನಲ್ಲೇ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಆಗುತ್ತದೆ. ಎನ್‌ಐಒಎಸ್ ಅಂಕಪಟ್ಟಿಯ ಜೊತೆಗೆ ವಲಸೆ ಮತ್ತು ವರ್ಗಾವಣೆ ಪ್ರಮಾಣಪತ್ರವನ್ನೂ ಕೊಡುತ್ತದೆ, ಕಾಲೇಜಿನವರು ‘ಟಿಸಿ ಎಲ್ಲಿ’ ಎಂದರೆ ಅದನ್ನೇ ತೋರಿಸುವುದು.

ಇಷ್ಟು ಮಾಡಿದರೆ ಮಗು ಪಾಸಾಗುತ್ತದೆ. ಆದರೆ ಹತ್ತಾರು ವರ್ಷ ಮನೆಯಲ್ಲಿ ಓದಿಸಿದ್ದು ಐದಾರು ಪೇಪರು ಪಾಸು ಮಾಡುವುದಕ್ಕಲ್ಲವಲ್ಲ. ಕೊನೆಯ ವರ್ಷದಲ್ಲಿ ಪ್ರತಿ ಮಗುವೂ ಒಂದು ದೊಡ್ಡ ಕೆಲಸವನ್ನು ಕೈಗೆತ್ತಿಕೊಂಡು ಮುಗಿಸಬೇಕು ಎನ್ನುವುದು ನನ್ನ ಹಂಬಲ. ಅದು ಪುಸ್ತಕದ ಕೆಲಸವಾಗದೆ ಸುತ್ತಲಿನ ನೆಲದಿಂದಲೇ ಎದ್ದದ್ದಾದರೆ ಚೆನ್ನ.

ಕೊಬ್ಬರಿಯನ್ನೇ ತೆಗೆದುಕೊಳ್ಳಿ. ತಿಪಟೂರಿನ ಉಂಡೆ ಕೊಬ್ಬರಿ ಹೆಸರುವಾಸಿ ಎಂದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತಾರೆ, ಹತ್ತು ಹನ್ನೆರಡು ತಿಂಗಳು ಅದು ಅಲ್ಲೇ ಇರುತ್ತದೆ, ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಇಷ್ಟನ್ನು ಅಜ್ಜನೂ ಹೇಳುತ್ತಾನೆ. ಆದರೆ ಯಾವ ತಿಂಗಳಲ್ಲಿ ಎಷ್ಟು ನೀರು ಹೋಗುತ್ತದೆ? ಮಳೆಗಾಲದಲ್ಲಿ ಒಣಗುವುದು ನಿಲ್ಲುತ್ತದೆಯೇ? ತಗಡಿನ ಶೆಡ್ಡಿನ ಕಾಯಿಗೂ ಹೆಂಚಿನ ಮನೆಯ ಅಟ್ಟದ ಕಾಯಿಗೂ ಏನು ವ್ಯತ್ಯಾಸ? ಯಾವುದರಲ್ಲಿ ಕೌಟು ಹೆಚ್ಚು? ಇವಕ್ಕೆ ಮನೆಯಲ್ಲಿ ಯಾರ ಬಳಿಯೂ ಬರೆದಿಟ್ಟ ಉತ್ತರ ಇರುವುದಿಲ್ಲ.

ಮಗು ಮಾಡಬೇಕಾದ್ದು ಇಷ್ಟೇ. ಜೂನ್‌ನಲ್ಲಿ ಐವತ್ತು ಕಾಯಿ ಆರಿಸಿ, ಒಂದೊಂದರ ಮೇಲೂ ಬಣ್ಣದಲ್ಲಿ ನಂಬರು ಬರೆದು, ತೂಕ ಮಾಡಿ, ಇಪ್ಪತ್ತೈದನ್ನು ಒಂದು ಕಡೆ, ಇಪ್ಪತ್ತೈದನ್ನು ಇನ್ನೊಂದು ಕಡೆ ಇಡಬೇಕು. ಪ್ರತಿ ತಿಂಗಳು ಅದೇ ತಾರೀಕಿಗೆ ಏಣಿ ಹತ್ತಿ, ಅವನ್ನೇ ಇಳಿಸಿ ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದೋ ಗಿಟುಕಿನ ಸದ್ದೋ ಬರೆದುಕೊಳ್ಳಬೇಕು. ನಾಲ್ಕನೇ ತಿಂಗಳಿಗೆ ಬೇಸರ ಬರುತ್ತದೆ. ಆ ಬೇಸರ ದಾಟಿ ಹನ್ನೆರಡು ಸಲ ತೂಗಿದ ಮಗುವಿನ ಕೈಯಲ್ಲಿ ಆರುನೂರು ಅಂಕಿಗಳಿರುತ್ತವೆ. ಸರಾಸರಿ, ಗ್ರಾಫು, ಶೇಕಡಾವಾರು ಎಲ್ಲ ಪಾಠಪುಸ್ತಕದಿಂದ ಎದ್ದು ಅಟ್ಟ ಹತ್ತುತ್ತವೆ. ಕೊನೆಗೆ ಮಟ್ಟೆ ಸುಲಿದು ಚಿಪ್ಪು ಒಡೆದಾಗ ಎಷ್ಟು ಉಂಡೆ ಇಡಿಯಾಗಿ ಬಂದವು, ಎಷ್ಟು ಕೌಟಾಗಿವೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಲೆಕ್ಕದ ಇನ್ನೊಂದು ಮುಖ: 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು, ಆ ವರ್ಷ ತಿಪಟೂರು ಮಾರುಕಟ್ಟೆಯ ಹರಾಜಿನ ದರ ಅದಕ್ಕಿಂತ ಬಹಳ ಮೇಲಿತ್ತು. ಏಕೆ ಹಾಗಾಯಿತು, ವರ್ಷವಿಡೀ ಕಾಯಿಯನ್ನು ಅಟ್ಟದಲ್ಲಿಟ್ಟು ಕಾಯುವುದಕ್ಕೂ ಎಳನೀರಿಗೇ ಕೊಟ್ಟುಬಿಡುವುದಕ್ಕೂ ಯಾವುದರಲ್ಲಿ ಗಿಟ್ಟುತ್ತದೆ ಎಂದು ಎಪಿಎಂಸಿಗೆ ಹೋಗಿ ಕೇಳಿಕೊಂಡು ಬರೆದರೆ ಅದಕ್ಕಿಂತ ಒಳ್ಳೆಯ ಅರ್ಥಶಾಸ್ತ್ರದ ಪಾಠ ಇನ್ನಿಲ್ಲ.

ಕೊಬ್ಬರಿಯಲ್ಲಿ ಮನಸ್ಸಿಲ್ಲದ ಮಗುವಿಗೆ ಮರದ ಕೀಟಗಳಿವೆ. ಕಪ್ಪುತಲೆ ಹುಳು ಗರಿಯ ಹಸಿರನ್ನು ಕೆರೆದು ತಿಂದು ತೋಟ ಸುಟ್ಟಂತೆ ಮಾಡುತ್ತದೆ. ಅದಕ್ಕೆ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ಬಿಡುತ್ತಾರೆ, ಅದು ಹುಳುವಿನ ಮೇಲೆ ಮೊಟ್ಟೆಯಿಟ್ಟು ಹುಳುವನ್ನು ಮುಗಿಸುತ್ತದೆ. ಎಷ್ಟು ಮರಕ್ಕೆ ಎಷ್ಟು ಕಣಜ, ಬಿಟ್ಟ ಮೇಲೆ ಏನಾಯಿತು ಎಂದು ಎಣಿಸುವುದು ಒಂದು ವರ್ಷದ ಕೆಲಸ. ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೇಳಲು ಸಂಕೋಚಪಡಬೇಕಾಗಿಲ್ಲ.

ನೀರಿನ ಕಡೆ ಒಲವಿದ್ದರೆ ಬೋರನಕಣಿವೆಯೇ ಇದೆ. ಎರಡು ಗುಡ್ಡಗಳ ನಡುವೆ ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ. ಈ ಸೀಮೆ ಮಳೆ ಕಡಿಮೆಯದು, ಕೆರೆ ತುಂಬುವುದು ಅಪರೂಪದ ಸುದ್ದಿ. ವಾರಕ್ಕೊಮ್ಮೆ ನೀರಿನ ಮಟ್ಟ, ಅದರ ಕೆಳಗಿನ ಹತ್ತು ಬಾವಿ-ಬೋರ್‌ವೆಲ್‌ಗಳ ಸ್ಥಿತಿ, ಅಂಗಳದ ಮಳೆಮಾಪಕದ ಅಳತೆ, ಹಿನ್ನೀರಿಗೆ ಇಳಿದ ಹಕ್ಕಿಗಳು: ನಾಲ್ಕು ಕಾಲಮ್ಮಿನ ಒಂದು ನೋಟ್‌ಬುಕ್. ಹಿಂದಿನ ತುಂಬಿದ ವರ್ಷ, ಬತ್ತಿದ ವರ್ಷಗಳನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಂಡರೆ ಅದು ಇತಿಹಾಸವೂ ಆಗುತ್ತದೆ.

ಶಾಲೆಯವರಿಗೆ ಪ್ರವಾಸ ಉಂಟು, ಇವರಿಗೇಕೆ ಬೇಡ? ದೂರ ಹೋಗಬೇಕಾಗಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೇ ಶತಮಾನದ ಕಲ್ಲೇಶ್ವರ ಗುಡಿಯ ಒಳಛಾವಣಿ ನೋಡಿ ಕತ್ತು ನೋಯಿಸಿಕೊಂಡು, ಅಲ್ಲೇ ಹೊನ್ನೋಜ ಎಂಬ ಶಿಲ್ಪಿ ತನ್ನ ಹೆಸರು ಕೆತ್ತಿರುವ ಹೊಯ್ಸಳರ ಚೆನ್ನಕೇಶವ ಗುಡಿಗೆ ಹೋಗಬಹುದು. ಶಿರಾ ಕಡೆಯ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮನೆಯವರಂತೆ ಕಾಯುತ್ತಾರೆ. ಬೇಸಿಗೆಗೆ ಮುಂಚೆ ಒಂದು ದಿನ ಅಲ್ಲಿ ಕಳೆಯಲಿ. ಒಂದೇ ಮನೆಯ ಮಗು ಒಂಟಿಯಾಗಿ ಹೋಗುವುದರಲ್ಲಿ ಸೊಗಸಿಲ್ಲ. ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಹುಡುಕಿದರೆ ಇನ್ನೆರಡು ಮೂರು ಕುಟುಂಬ ಸಿಕ್ಕಾವು, ಸಿಗದಿದ್ದರೆ ಪಕ್ಕದ ಸರ್ಕಾರಿ ಹೈಸ್ಕೂಲಿನ ಮಕ್ಕಳನ್ನು ಜೊತೆಗೆ ಕರೆಯಿರಿ. ಮನೆಯಲ್ಲಿ ಓದುವ ಮಗುವಿಗೆ ಪಾಠದ ಕೊರತೆಯಾಗುವುದು ಕಡಿಮೆ. ಓರಗೆಯವರ ಕೊರತೆ ನಿಜವಾದದ್ದು, ಹದಿನಾರರ ಹೊತ್ತಿಗೆ ಅದು ಮಗುವನ್ನು ಕಾಡಲು ತೊಡಗುತ್ತದೆ.

ಇವುಗಳ ನಡುವೆ ಸಣ್ಣ ಸಣ್ಣ ಕಲಿಕೆಗಳಿಗೂ ಜಾಗ ಬೇಕು. ಪಹಣಿ ಓದುವುದು, ಡೇರಿಯ ಚೀಟಿಯಲ್ಲಿ ಫ್ಯಾಟು ಎಸ್‌ಎನ್‌ಎಫ್ ನೋಡಿ ದುಡ್ಡಿನ ಲೆಕ್ಕ ಹಾಕುವುದು, ಬ್ಯಾಂಕಿನಲ್ಲಿ ಚಲನ್ ತುಂಬುವುದು, ಗ್ರಾಮಸಭೆಯಲ್ಲಿ ಕೂತು ಕೇಳುವುದು. ಹದಿನೇಳು ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಬಹುದು, ಅದನ್ನೂ ಹಾಕಿಸಿ.

ಇನ್ನು ಬೀಳ್ಕೊಡುಗೆ. ಯಾವಾಗ ಮಾಡಬೇಕು? ಫಲಿತಾಂಶ ಬಂದ ಮೇಲೆ ಅಲ್ಲ. ಅಂಕ ಕಡಿಮೆ ಬಂದ ಮಗು ಅವತ್ತು ಮುಖ ಮುಚ್ಚಿಕೊಂಡು ಕೂರುವಂತಾಗಬಾರದು. ಎನ್‌ಐಒಎಸ್ ಪರೀಕ್ಷೆ ಮೇ ತಿಂಗಳಲ್ಲಿ ಮುಗಿಯುತ್ತದೆ, ಆ ಹೊತ್ತಿಗೆ ನೆಂಟರಿಷ್ಟರು ಬೇಸಿಗೆ ರಜಕ್ಕೆ ಊರಲ್ಲಿರುತ್ತಾರೆ. ಆ ಪರೀಕ್ಷೆ ಬರೆದವರಿಗೆ ಮೇ ಕೊನೆಯ ಭಾನುವಾರ ಒಳ್ಳೆಯ ದಿನ. ಸಂಜೆ ಮುಂಗಾರು ಪೂರ್ವದ ಮಳೆ, ಗಾಳಿ ಬರುವ ಕಾಲ, ಬೆಳಗ್ಗೆ ಹತ್ತಕ್ಕೇ ಶುರು ಮಾಡಿ. ತೋಟ ಚೆನ್ನಾಗಿದೆಯೆಂದು ತೆಂಗಿನ ಮರದಡಿ ಕುರ್ಚಿ ಹಾಕಿಸಬೇಡಿ, ಗಾಳಿಗೆ ಗರಿ ಕಾಯಿ ಬೀಳುತ್ತವೆ. ಊರಿನ ಸಮುದಾಯ ಭವನವೋ ಶಾಲೆಯ ವರಾಂಡವೋ ಕೇಳಿದರೆ ಸಿಗುತ್ತದೆ, ಊರಿನವರು ಅಲ್ಲಿಗಾದರೆ ಸಂಕೋಚವಿಲ್ಲದೆ ಬರುತ್ತಾರೆ. ನಿಲುವಂಗಿ, ಚೌಕ ಟೋಪಿ ಬಾಡಿಗೆಗೆ ತರುವ ಖರ್ಚು ಬೇಡ ಎನ್ನುವುದು ನನ್ನ ಅಭಿಪ್ರಾಯ. ಮಗುವಿಗೆ ಒಂದು ಜೊತೆ ಒಳ್ಳೆಯ ಬಟ್ಟೆ ಹೊಲಿಸಿ. ಊಟಕ್ಕೆ ಕಾಯಿ ಒಬ್ಬಟ್ಟಿರಲಿ.

ಕಾರ್ಯಕ್ರಮದ ನಡುಮಧ್ಯೆ ಇರಬೇಕಾದ್ದು ಮಕ್ಕಳ ಕೆಲಸ, ಅತಿಥಿಗಳ ಭಾಷಣವಲ್ಲ. ಪ್ರತಿ ಮಗು ಕಾಲು ಗಂಟೆ ತನ್ನ ವರ್ಷದ ಕೆಲಸವನ್ನು ಒಪ್ಪಿಸಬೇಕು: ಗ್ರಾಫು ತೋರಿಸಲಿ, ಕೊಬ್ಬರಿ ಉಂಡೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡಲಿ. ಆಮೇಲೆ ಹತ್ತು ನಿಮಿಷ ಸಭಿಕರ ಪ್ರಶ್ನೆ. ಈ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೂವತ್ತು ವರ್ಷ ಕೊಬ್ಬರಿ ಮಾಡಿದ ರೈತ ಎದ್ದು ನಿಂತು, ‘ಅಲ್ಲಮ್ಮಾ, ಮಳೆಗಾಲದಾಗೆ ಕಾಯಿ ತೂಕ ಹೆಚ್ಚಾಯ್ತು ಅಂತೀಯಲ್ಲ, ಅದು ಮಟ್ಟೆ ಥಂಡಿ ಹೀರಿದ್ದಿರಬೇಕು, ನೋಡಿದ್ಯಾ?’ ಎಂದು ಕೇಳಿದನೆಂದಿಟ್ಟುಕೊಳ್ಳಿ. ಆ ಹುಡುಗಿ ತನ್ನ ನೋಟ್‌ಬುಕ್ ತಿರುವಿ, ‘ಹೌದು ದೊಡ್ಡಪ್ಪ, ಆ ತಿಂಗಳು ಮಟ್ಟೆಯದು ಬೇರೆ ತೂಗಿಲ್ಲ, ಗೊತ್ತಾಗಲಿಲ್ಲ’ ಎಂದರೆ ಅದು ಯಾವ ಅಂಕಪಟ್ಟಿಯಲ್ಲೂ ಬರದ ಪರೀಕ್ಷೆ. ಅಪ್ಪ ಅಮ್ಮನ ಮುಂದೆ ಎಷ್ಟೋ ಸಲ ಒಪ್ಪಿಸಿದ ಮಗುವಿಗೆ ಹೊರಗಿನವರ ಪ್ರಶ್ನೆ ಎದುರಿಸಿದ ಆ ಹೊತ್ತು ಬೇಕೇ ಬೇಕು. ಈ ಸಭೆಯಲ್ಲಿ ನಿಂತವರಿಗೆ ಮುಂದೆ ಕಾಲೇಜಿನ ಸಂದರ್ಶನ ಹೊಸದೆನಿಸುವುದಿಲ್ಲ.

ತಂದೆತಾಯಿ ಮಗುವಿನ ಕೈಗೆ ಕೊಡಬೇಕಾದ್ದು ಬೋರ್ಡಿನದರಂತೆ ಕಾಣುವ ಅಲಂಕಾರದ ಹಾಳೆಯಲ್ಲ. ಎರಡು ಪುಟದ ಕಲಿಕೆಯ ಪಟ್ಟಿ ಸಾಕು: ವರ್ಷವರ್ಷವೂ ಏನು ಓದಿತು, ಯಾವ ಕೆಲಸ ಮಾಡಿತು, ಯಾರ ಬಳಿ ಕಲಿಯಿತು. ಹಾರ್ಮೋನಿಯಂ ಹೇಳಿಕೊಟ್ಟ ನಾಟಕದ ಮೇಷ್ಟ್ರು, ಕಸಿ ಕಟ್ಟಲು ಕಲಿಸಿದ ನರ್ಸರಿಯವರು, ಇಂಗ್ಲಿಷ್ ತಿದ್ದಿದ ಚಿಕ್ಕಮ್ಮ, ಎಲ್ಲರೂ ತಮ್ಮ ಸಾಲಿನ ಮುಂದೆ ಸಹಿ ಹಾಕಲಿ. ಅವರೆಲ್ಲರನ್ನೂ ಅವತ್ತು ಕರೆದು ಎಲೆ ಅಡಿಕೆ, ಹಣ್ಣು ಕೊಟ್ಟು ಮಗುವಿನಿಂದ ನಮಸ್ಕಾರ ಮಾಡಿಸಿ.

ಊರಿನ ಶಾಲೆಯ ಹೆಡ್‌ಮಾಸ್ಟರನ್ನು ಮನೆಗೇ ಹೋಗಿ ಕರೆಯಿರಿ, ಮೊದಲ ಸಾಲಿನಲ್ಲಿ ಕೂರಿಸಿ. ಮಗುವನ್ನು ಅವರ ಶಾಲೆಗೆ ಕಳಿಸಲಿಲ್ಲ ಎಂಬ ಕಾರಣಕ್ಕೆ ಎಷ್ಟೋ ಮನೆಯವರು ಅವರ ಎದುರು ಬರಲು ಹಿಂಜರಿಯುತ್ತಾರೆ. ಮನೆಯಲ್ಲಿ ಓದಿಸುವುದೆಂದರೆ ಊರಿನ ಶಾಲೆಗೆ ಬೆನ್ನು ತಿರುಗಿಸುವುದಲ್ಲ; ಆ ಶಾಲೆಯ ಹತ್ತನೇ ತರಗತಿಯ ಮಕ್ಕಳೂ ನಿಮ್ಮ ಮಗುವೂ ಕೆಲವೇ ದಿನಗಳಲ್ಲಿ ಒಂದೇ ಪಿಯು ಕಾಲೇಜಿನ ಒಂದೇ ಬೆಂಚಿನಲ್ಲಿ ಕೂರುವವರು. ಅವರನ್ನೂ ಕರೆಯಿರಿ, ಪ್ರಶ್ನೆ ಕೇಳುವವರಲ್ಲಿ ಅವರೂ ಇರಲಿ.

ಸಭೆ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್‌ಗಳನ್ನು ಅಟ್ಟಕ್ಕೆ ಎಸೆಯದೆ, ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿ. ಮುಂದಿನ ವರ್ಷ ಕಾಯಿ ತೂಗುವ ಮಗು ಈ ವರ್ಷದ ಅಂಕಿಗಳನ್ನು ನೋಡಿಕೊಂಡು ಶುರು ಮಾಡಲಿ, ಮಟ್ಟೆಯನ್ನೂ ಬೇರೆ ತೂಗಲಿ.